ಬಿಸಿಯಾದ ಮೇಲೆ ಮಿಸ್ಸಿಂಗ್: ಗುತ್ತಲು ರಸ್ತೆಯ ಗ್ಯಾರೇಜಿನಲ್ಲಿ ಕೊನೆಗೂ ಸಿಕ್ಕ ಕಾರಣ

ನಮ್ಮ ಮನೆಯಲ್ಲಿ 1998ರ ಮಾರುತಿ 800 ಇದೆ. ಕಾರ್ಬೊರೇಟರ್ (ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡುವ ಹಳೇ ಸಾಧನ) ಇರುವ ಗಾಡಿ, ಬಿಳಿ ಬಣ್ಣ, ಕೆಎ 11 ನಂಬರು. ಅಪ್ಪ ಕೊಂಡಿದ್ದು. ಈಗ ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಓಡಿಸುವುದು ನಾನೇ. ಸ್ಕೂಲಿಗೆ, ಸಂತೆಗೆ, ತಿಂಗಳಿಗೊಮ್ಮೆ ಅಪ್ಪನನ್ನು ಮೈಸೂರಿಗೆ ಕಣ್ಣು ತೋರಿಸಲು ಕರೆದುಕೊಂಡು ಹೋಗುವುದಕ್ಕೆ, ಎಲ್ಲದಕ್ಕೂ ಇದೇ ಗಾಡಿ. ನಾಲ್ಕು ತಿಂಗಳು ಇದರ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿತ್ತು, ಅಂದರೆ ಒಂದೇ ಸಮನೆ ಓಡದೆ ಮಧ್ಯೆ ಮಧ್ಯೆ ತಪ್ಪುತ್ತಿತ್ತು. ದುಡ್ಡು ಹೋಯಿತು, ನೆಮ್ಮದಿ ಹೋಯಿತು, ಕಾರಣ ಮಾತ್ರ ಸಿಗಲಿಲ್ಲ. ಕೊನೆಗೆ ಅದನ್ನು ಹುಡುಕಿಕೊಟ್ಟವರು ಮಂಡ್ಯದ ಗುತ್ತಲು ರಸ್ತೆಯ ಒಂದು ಸಣ್ಣ ಗ್ಯಾರೇಜಿನವರು. ಅವರ ಬಗ್ಗೆಯೇ ಈ ಬರಹ. ಹಳೇ ಗಾಡಿ ಇಟ್ಟುಕೊಂಡಿರುವವರಿಗೆ ಉಪಯೋಗ ಆಗಬೇಕು ಅಂತ, ಅವರು ಏನೇನು ನೋಡಿದರು ಅನ್ನುವುದನ್ನೂ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ತೊಂದರೆ ಏನಿತ್ತು ಅಂತ ಹೇಳಿಬಿಡುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ಚೆನ್ನಾಗಿಯೇ ಇರುತ್ತಿತ್ತು. ಮನೆಯಿಂದ ಹೊರಟು ಹತ್ತು ನಿಮಿಷ ಆದ ಮೇಲೆ ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಇಡೀ ಗಾಡಿ ನಡುಗುವುದು. ಗೇರ್ ಲಿವರ್ ಅಲ್ಲಾಡುವುದು ಕಣ್ಣಿಗೇ ಕಾಣುತ್ತಿತ್ತು. ಹಿಂದೆ ಸೈಲೆನ್ಸರ್‌ನಲ್ಲಿ ಒಂದೇ ಸಮನೆ ಬರಬೇಕಾದ ಸದ್ದು ಮಧ್ಯೆ ಮಧ್ಯೆ ತಪ್ಪುತ್ತಿತ್ತು. ಸ್ಪೀಡಿನಲ್ಲಿ ಹೋಗುವಾಗ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ, ಆದರೆ ಏರು ಬಂದರೆ ಎಳೆಯುತ್ತಿರಲಿಲ್ಲ. ಜಕ್ಕನಹಳ್ಳಿ ದಾಟಿ ಮೇಲುಕೋಟೆ ಏರು ಹತ್ತುವಾಗ ಒಂದು ಸಲ ಸೆಕೆಂಡ್ ಗೇರ್ ಸಾಲದೆ ಫಸ್ಟ್‌ಗೆ ಹಾಕಬೇಕಾಯಿತು. ಹಿಂದೆ ಬಸ್ಸು, ಪಕ್ಕದಲ್ಲಿ ಅಪ್ಪ. ಅಪ್ಪನಿಗೆ ಕಣ್ಣು ಮಂದ ಆದರೂ ಕಿವಿ ಚುರುಕು. ‘ಮೂರರಲ್ಲಿ ಒಂದು ಕೆಲಸ ಮಾಡ್ತಿಲ್ಲ ಕಣವ್ವ’ ಅಂತ ಅವತ್ತೇ ಹೇಳಿದ್ದರು.

ಅವರು ಹೇಳಿದ್ದು ಸರಿ. ಮಾರುತಿ 800ರ ಎಂಜಿನ್ 796 ಸಿಸಿ, ಇರುವುದೇ ಮೂರು ಸಿಲಿಂಡರ್, ಅಂದರೆ ಪೆಟ್ರೋಲ್ ಉರಿದು ಶಕ್ತಿ ಹುಟ್ಟುವ ಮೂರು ಕೊಳವೆ. ನಾಲ್ಕರಲ್ಲಿ ಒಂದು ಹೋದರೆ ಕಾಲು ಭಾಗ ಶಕ್ತಿ ಹೋಗುತ್ತದೆ, ಇಲ್ಲಿ ಒಂದು ಹೋದರೆ ಮೂರನೇ ಒಂದು ಭಾಗವೇ ಹೋಯಿತು. ಅದಕ್ಕೇ ಈ ಗಾಡಿಯಲ್ಲಿ ಸಣ್ಣ ಮಿಸ್ಸಿಂಗ್ ಕೂಡ ಅಷ್ಟು ಜೋರಾಗಿ ಗೊತ್ತಾಗುವುದು.

ಮೊದಲು ಹೋದ ಗ್ಯಾರೇಜಿನ ಹೆಸರು ಬೇಡ. ಅವರು ಕೆಟ್ಟವರಲ್ಲ, ಮೋಸ ಮಾಡಬೇಕು ಅಂತ ಮಾಡಿದ್ದಲ್ಲ ಅಂತಲೇ ನನ್ನ ನಂಬಿಕೆ. ಆದರೆ ಅವರು ಮಾಡಿದ್ದು ಒಂದೇ ಕೆಲಸ, ಪಾರ್ಟ್ ಬದಲಾಯಿಸುವುದು. ಮೊದಲು ಪೆಟ್ರೋಲಿಗೆ ಕಿಡಿ ಹಚ್ಚುವ ಮೂರು ಪ್ಲಗ್, 390 ರೂಪಾಯಿ. ಸರಿ ಹೋಗಲಿಲ್ಲ. ಆಮೇಲೆ ಪ್ಲಗ್ ವೈರ್ ಸೆಟ್, 700. ಆಮೇಲೆ ಕಿಡಿಯ ಕರೆಂಟನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಮತ್ತು ರೋಟರ್, 560. ಆಮೇಲೆ ಆ ಕರೆಂಟ್ ಹುಟ್ಟಿಸುವ ಕಾಯಿಲ್, 1,450. ಆಮೇಲೆ ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡಿದ್ದು 1,200. ಎಲ್ಲಾ ಸಲದ ಕೂಲಿ ಸೇರಿ 2,000. ಒಟ್ಟು 6,300 ರೂಪಾಯಿ ಆಯಿತು, ಪ್ರತಿ ಸಲವೂ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ‘ನೋಡಿ ಮೇಡಂ, ಈಗ ಸರಿಯಾಯ್ತು’ ಅಂತ ಕೊಡುವುದು, ನಾನು ಖುಷಿಯಾಗಿ ಮನೆಗೆ ಬರುವಷ್ಟರಲ್ಲಿ ಮತ್ತೆ ಅದೇ ನಡುಕ. ಕೊನೆಯಲ್ಲಿ ‘ಈಗಿನ ಪೆಟ್ರೋಲೇ ಹಾಗೆ, ಹಳೇ ಗಾಡಿಗೆ ಆಗಲ್ಲ, ಮಾರಿಬಿಡಿ’ ಅಂದರು. ಆ ಮಾತಿಗೆ ನನಗೆ ನಿಜವಾಗಿಯೂ ಬೇಜಾರಾಯಿತು.

ಅಷ್ಟರಲ್ಲಿ ಎಮಿಷನ್ ಟೆಸ್ಟ್ ಕೂಡ ಫೇಲ್ ಆಯಿತು. 2000ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಹೈಡ್ರೋಕಾರ್ಬನ್ 1,500 ಪಿಪಿಎಂ ಒಳಗೆ ಇರಬೇಕು, ನಮ್ಮದು 2,100 ಬಂತು. ಹೈಡ್ರೋಕಾರ್ಬನ್ ಅಂದರೆ ಇಲ್ಲಿ ಉರಿಯದೆ ಹೊರಗೆ ಹೋಗುವ ಪೆಟ್ರೋಲು, ಅಷ್ಟೇ. ಒಂದು ಸಿಲಿಂಡರ್ ಸರಿಯಾಗಿ ಉರಿಸದಿದ್ದರೆ ಆ ಪೆಟ್ರೋಲ್ ಎಲ್ಲಿ ಹೋಗಬೇಕು, ಸೈಲೆನ್ಸರ್‌ನಿಂದ ಹೊರಗೆ ತಾನೆ. ಟೆಸ್ಟ್ ಮಾಡಿದ ಹುಡುಗನೇ ಗುತ್ತಲು ರಸ್ತೆಯ ಈ ಗ್ಯಾರೇಜ್ ಹೇಳಿದ್ದು. ‘ಅಲ್ಲಿ ಹೋಗಿ ಅಕ್ಕ, ಅವರು ನೋಡ್ದೆ ಏನೂ ಬಿಚ್ಚಲ್ಲ’ ಅಂದ.

ಗ್ಯಾರೇಜಿಗೆ ಬೋರ್ಡ್ ಇಲ್ಲ. ತಗಡಿನ ಶೀಟ್ ಹಾಕಿದ ಶೆಡ್ಡು, ಎರಡು ಗಾಡಿ ನಿಲ್ಲುವಷ್ಟು ಜಾಗ, ಒಂದು ಹೊಂಗೆ ಮರ. ಮೇಸ್ತ್ರಿಗೆ ಅರವತ್ತರ ಹತ್ತಿರ ಇರಬಹುದು, ಜೊತೆಗೆ ಒಬ್ಬ ಹುಡುಗ. ನಾನು ಹೋದಾಗ ಒಂದು ಓಮ್ನಿಯ ಕೆಲಸ ನಡೆಯುತ್ತಿತ್ತು. ಕೈ ಒರೆಸಿಕೊಂಡು ಬಂದರು. ನಾನು ಬಾನೆಟ್ ಎತ್ತಲು ಹೋದರೆ ‘ಇರ್ಲಿ ಬುಡಿ ಅಕ್ಕ, ಮೊದ್ಲು ಹೇಳಿ’ ಅಂದರು.

ಕೇಳಿದ ಪ್ರಶ್ನೆಗಳನ್ನು ನಾನು ಮರೆಯುವುದಿಲ್ಲ. ತಣ್ಣಗಿದ್ದಾಗ ಬರುತ್ತಾ, ಬಿಸಿ ಆದ ಮೇಲಾ? ನಿಂತಾಗ ಜಾಸ್ತಿನಾ, ಓಡುವಾಗ ಜಾಸ್ತಿನಾ? ಮಳೆ ಬಂದಾಗ ಹೆಚ್ಚಾಗುತ್ತಾ? ರೇಸ್ ಕೊಟ್ಟರೆ ಹೋಗುತ್ತಾ, ಇನ್ನೂ ಜೋರಾಗುತ್ತಾ? ನಾಲ್ಕು ತಿಂಗಳಲ್ಲಿ ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಉತ್ತರ ಹೇಳುತ್ತಾ ಹೋದಂತೆ ನನಗೇ ಒಂದು ದಾರಿ ಕಾಣತೊಡಗಿತು. ಮಳೆಯಲ್ಲಿ ಹೆಚ್ಚಾದರೆ ಸಾಮಾನ್ಯವಾಗಿ ಕರೆಂಟ್ ಎಲ್ಲೋ ಸೋರುತ್ತಿದೆ ಅಂತ, ಪ್ಲಗ್ ವೈರ್ ಅಥವಾ ಡಿಸ್ಟ್ರಿಬ್ಯೂಟರ್ ಕ್ಯಾಪ್ ಸೀಳಿರುತ್ತದೆ. ತಣ್ಣಗಿದ್ದಾಗ ಬಂದು ಬಿಸಿಯಾದ ಮೇಲೆ ಹೋದರೆ ಚೋಕ್ ಕಡೆ, ಪೆಟ್ರೋಲ್ ಗಾಳಿ ಹದದ ಕಡೆ ನೋಡಬೇಕು. ನಮ್ಮದು ಬಿಸಿಯಾದ ಮೇಲೆ, ಅದೂ ಐಡ್ಲಿಂಗ್‌ನಲ್ಲಿ, ಅಂದರೆ ಎಕ್ಸಲೇಟರ್ ಒತ್ತದೆ ನಿಂತಲ್ಲೇ ಎಂಜಿನ್ ಓಡುವಾಗ. ಅವರು ಅದನ್ನು ಕೇಳಿ ‘ಹೂಂ’ ಅಂದರು ಅಷ್ಟೇ, ಏನೂ ಹೇಳಲಿಲ್ಲ. ‘ಬನ್ನಿ, ಒಂದು ರೌಂಡ್ ಹೋಗ್ಬರಣ’ ಅಂತ ಪಕ್ಕದಲ್ಲಿ ಕೂತರು.

ಆರೇಳು ಕಿಲೋಮೀಟರ್ ನನ್ನ ಕೈಯಲ್ಲೇ ಓಡಿಸಿದರು. ವಾಪಸ್ ಬಂದು ಎಂಜಿನ್ ಆಫ್ ಮಾಡಬೇಡಿ ಅಂದರು. ಡ್ಯಾಶ್‌ಬೋರ್ಡ್ ಮೇಲಿದ್ದ ಹಳೇ ಬಸ್ ಟಿಕೆಟ್ ತೆಗೆದುಕೊಂಡು ಗಾಡಿ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತರು. ನನ್ನನ್ನೂ ಕರೆದರು. ಟಿಕೆಟ್ಟಿನ ಒಂದು ತುದಿ ಹಿಡಿದು ಸೈಲೆನ್ಸರ್ ಬಾಯಿಗೆ ಅರ್ಧ ಇಂಚು ದೂರದಲ್ಲಿ ಇಟ್ಟರು. ಕಾಗದ ಹೊರಗಡೆಗೆ ಪಟಪಟ ಅಂತ ಹೊಡೆದುಕೊಳ್ಳುತ್ತಿತ್ತು. ಹೊರಗೆ, ಹೊರಗೆ, ಹೊರಗೆ, ಆಮೇಲೆ ಇದ್ದಕ್ಕಿದ್ದ ಹಾಗೆ ಟಪ್ ಅಂತ ಒಳಗೆ ಎಳೆದುಕೊಂಡು ಪೈಪಿನ ಬಾಯಿಗೆ ಅಂಟಿಕೊಂಡಿತು. ಮತ್ತೆ ಬಿಟ್ಟಿತು. ಮತ್ತೆ ಎಳೆಯಿತು. ‘ನೋಡಕ್ಕ, ಉಸ್ರು ಬುಡೋ ಜಾಗದಲ್ಲಿ ಉಸ್ರು ಎಳ್ಕತಾ ಅದೆ. ಇದು ಪ್ಲಗ್ಗಿಂದಲ್ಲ ಕಣಕ್ಕ’ ಅಂದರು. ಸಿಲಿಂಡರಿನಿಂದ ಹೊಗೆ ಹೊರಗೆ ಬಿಡುವ ಬಾಗಿಲು, ಅಂದರೆ ಎಕ್ಸಾಸ್ಟ್ ವಾಲ್ವ್, ಪೂರ್ತಿ ಮುಚ್ಚಿಕೊಳ್ಳದಿದ್ದರೆ, ಪಿಸ್ಟನ್ ಕೆಳಗೆ ಇಳಿಯುವಾಗ ಇನ್‌ಲೆಟ್ ಕಡೆಯಿಂದ ಮಾತ್ರ ಅಲ್ಲ, ಸೈಲೆನ್ಸರ್ ಕಡೆಯಿಂದಲೂ ಎಳೆಯುತ್ತದೆ. ಅದಕ್ಕೇ ಕಾಗದ ಒಳಗೆ ಹೋಗುವುದು. ಆದರೆ ಇದನ್ನೇ ನಂಬಿಕೊಂಡು ಅವರು ಹೆಡ್ (ವಾಲ್ವ್‌ಗಳಿರುವ, ಎಂಜಿನ್ನಿನ ಮೇಲಿನ ಭಾಗ) ಬಿಚ್ಚಲಿಲ್ಲ. ಬೇರೆ ಕಾರಣಕ್ಕೂ ಕಾಗದ ಸ್ವಲ್ಪ ಎಳೆಯಬಹುದು, ಇದು ಬರೀ ಸುಳಿವು ಅಂದರು.

ಮುಂದೆ ಯಾವ ಸಿಲಿಂಡರ್ ಅಂತ ನೋಡಿದರು. ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ರಬ್ಬರ್ ಹಿಡಿಯ ಇಕ್ಕಳದಿಂದ ಒಂದನೇ ಪ್ಲಗ್ ಕ್ಯಾಪ್ ಎಳೆದರು. ಎಂಜಿನ್ ಸೊರಗಿ ನಿಂತೇ ಹೋಗುವ ಹಾಗಾಯಿತು, ತಕ್ಷಣ ಹಾಕಿದರು. ಎರಡನೆಯದು, ಅದೇ ರೀತಿ. ಮೂರನೆಯದು ಎಳೆದರೆ ಹೆಚ್ಚೇನೂ ಬದಲಾಗಲಿಲ್ಲ. ಅಂದರೆ ಮೂರನೆಯದು ಮೊದಲೇ ಕೆಲಸ ಮಾಡುತ್ತಿಲ್ಲ. ಅಪ್ಪನ ಕಿವಿಯ ಮೇಲೆ ನನಗೆ ಇನ್ನೂ ಗೌರವ ಬಂತು. ಆಮೇಲೆ ಮೂರರ ಪ್ಲಗ್ ತೆಗೆದು ಒಂದಕ್ಕೆ, ಒಂದರದ್ದು ಮೂರಕ್ಕೆ ಹಾಕಿದರು. ತೊಂದರೆ ಪ್ಲಗ್ ಜೊತೆ ಹೋಗಲಿಲ್ಲ, ಮೂರರಲ್ಲೇ ಉಳಿಯಿತು. ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ ನೋಡಿದರೆ ಕಿಡಿ ನೀಲಿಯಾಗಿ, ಬಲವಾಗಿ ಬರುತ್ತಿತ್ತು. ವೈರ್, ಕ್ಯಾಪ್, ಕಾಯಿಲ್ ಮೂರೂ ಸರಿ. ಹತ್ತು ನಿಮಿಷದ ಕೆಲಸ ಇದು. ನಾನು ಮೂರು ಸಾವಿರಕ್ಕೂ ಜಾಸ್ತಿ ಕೊಟ್ಟು ಹೊಸದು ಹಾಕಿಸಿದ ಸಾಮಾನುಗಳು ಮೊದಲೂ ಸರಿಯಾಗಿಯೇ ಇದ್ದಿರಬೇಕು. ಹಳೆಯದನ್ನು ನಾನು ಬಿಸಾಕಿರಲಿಲ್ಲ, ಡಿಕ್ಕಿಯಲ್ಲೇ ಇತ್ತು. ಅವರು ಹಳೇ ಕ್ಯಾಪ್ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದರು. ಕೆಟ್ಟ ಕ್ಯಾಪ್ ಆದರೆ ಒಳಗೆ ಪೆನ್ಸಿಲ್‌ನಲ್ಲಿ ಗೀಟು ಎಳೆದ ಹಾಗೆ ಕಪ್ಪು ಗೆರೆ ಇರುತ್ತದೆ, ಕರೆಂಟ್ ಅದರ ಮೇಲೆ ಹರಿದು ಬೇರೆ ಕಡೆ ಹೋಗುತ್ತದೆ ಅಂತ ತೋರಿಸಿದರು. ನಮ್ಮದರಲ್ಲಿ ಅಂಥ ಗೆರೆ ಇರಲಿಲ್ಲ. ‘ಇದನ್ನ ಮಡಗಿರಿ, ಸ್ಪೇರ್ ಆಯ್ತದೆ’ ಅಂತ ವಾಪಸ್ ಕೊಟ್ಟರು.

ಕಾರ್ಬೊರೇಟರ್ ಕೆಳಗಿನ ಗ್ಯಾಸ್ಕೆಟ್ ಹತ್ತಿರ, ವ್ಯಾಕ್ಯೂಮ್ ಪೈಪುಗಳ ಹತ್ತಿರ ಗಾಳಿ ಎಳೆಯುತ್ತಿದೆಯಾ ಅಂತಲೂ ನೋಡಿದರು. ಒಂದು ಸಣ್ಣ ವ್ಯಾಕ್ಯೂಮ್ ಹೋಸ್ ಒಣಗಿ ತುದಿ ಸೀಳಿತ್ತು. ಅದನ್ನು ಬದಲಾಯಿಸಿದಾಗ ಐಡ್ಲಿಂಗ್ ಸ್ವಲ್ಪ ಸುಧಾರಿಸಿತು, ಮಿಸ್ಸಿಂಗ್ ಹೋಗಲಿಲ್ಲ. ಇಲ್ಲೇ ನಿಲ್ಲಿಸಿ ದುಡ್ಡು ಇಸಿದುಕೊಳ್ಳಬಹುದಿತ್ತು. ನಿಲ್ಲಿಸಲಿಲ್ಲ.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಒತ್ತುತ್ತದೆ ಅನ್ನುವುದು. ಮೂರೂ ಪ್ಲಗ್ ತೆಗೆದು, ಕಾಯಿಲ್ ವೈರ್ ಬಿಚ್ಚಿ, ಪ್ಲಗ್ ತೂತಿಗೆ ಗೇಜ್ ಹಾಕಿದರು. ನಾನು ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಎಕ್ಸಲೇಟರ್ ಒತ್ತದೆ ಹೊಡೆದರೆ ಗಾಳಿ ಸರಿಯಾಗಿ ಒಳಗೆ ಹೋಗದೆ ಲೆಕ್ಕ ತಪ್ಪು ಬರುತ್ತದಂತೆ. ಎಂಜಿನ್ ಇನ್ನೂ ಬಿಸಿ ಇತ್ತು. ಒಂದನೆಯದು 150 ಪಿಎಸ್‌ಐ. ಎರಡನೆಯದು 145. ಮೂರನೆಯದು 85. ಮುಳ್ಳು 85ಕ್ಕೆ ಬಂದು ನಿಂತಾಗ ಹುಡುಗ ನನ್ನ ಮುಖ ನೋಡಿದ, ನಾನು ಮೇಸ್ತ್ರಿ ಮುಖ ನೋಡಿದೆ. ಅವರು ಮೂರನೇ ತೂತಿಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಹೊಡೆಸಿದರು. 90 ಬಂತು. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಸುತ್ತ ತುಂಬಿಕೊಂಡು ಕಂಪ್ರೆಷನ್ ಜೋರಾಗಿ ಏರಬೇಕಿತ್ತು. ಏರಲಿಲ್ಲ ಅಂದರೆ ಗಾಳಿ ವಾಲ್ವ್ ಕಡೆಯಿಂದ ಹೋಗುತ್ತಿದೆ.

ಅವತ್ತು ಸಂಜೆ ಆರಾಗಿತ್ತು. ‘ಗಾಡಿ ಇಲ್ಲೇ ಬುಟ್ಟೋಗಿ. ಟ್ಯಾಪೆಟ್ ನೋಡ್ಬೇಕು ಅಂದ್ರೆ ಎಂಜಿನ್ ರಾತ್ರಿಯೆಲ್ಲ ತಣ್ಣಗಾಗಬೇಕು’ ಅಂದರು. ಟ್ಯಾಪೆಟ್ ನೋಡುವುದು ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತಿ ತೆರೆಯುವ ರಾಕರ್‌ಗೂ ಮಧ್ಯೆ ಇರುವ ಗ್ಯಾಪ್ ಅಳೆಯುವುದು. ನನಗೆ ಹೆಡ್ ಬಿಚ್ಚುವುದು, ಹತ್ತು ಹನ್ನೆರಡು ಸಾವಿರದ ಖರ್ಚು, ಇದೇ ತಲೆಯಲ್ಲಿ ಓಡುತ್ತಿತ್ತು. ಆಟೋದಲ್ಲಿ ಮನೆಗೆ ಹೋದೆ, ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಿಗ್ಗೆ ಎಂಟೂವರೆಗೆ ಹೋದೆ. ನಾನು ಬರುವವರೆಗೂ ಮುಟ್ಟಿರಲಿಲ್ಲ, ಅದು ನನಗೆ ತುಂಬಾ ಹಿಡಿಸಿತು. ತಣ್ಣಗಿರುವಾಗಲೇ ಮತ್ತೆ ಕಂಪ್ರೆಷನ್ ತೆಗೆದರು. ಮೂರನೆಯದು ಈಗ 138! ನಿನ್ನೆ ಸಂಜೆ 85, ಬೆಳಿಗ್ಗೆ 138. ಅಲ್ಲಿಗೆ ಇಡೀ ಕಥೆ ಗೊತ್ತಾಯಿತು ಅಂತ ಅವರೇ ನಕ್ಕರು. ಟ್ಯಾಪೆಟ್ ಕವರ್ ಬಿಚ್ಚಿದರು. ಪ್ಲಗ್ ಹೊರಗೇ ಇದ್ದದ್ದರಿಂದ ಎಂಜಿನ್ ತಿರುಗಿಸುವುದು ಹಗುರ. ಗಾಡಿಯನ್ನು ಟಾಪ್ ಗೇರಿಗೆ ಹಾಕಿ ‘ಅಕ್ಕ, ಒಂಚೂರು ತಳ್ಳಿ, ಸಾಕ್ ಸಾಕ್’ ಅಂತ ನನ್ನ ಕೈಯಲ್ಲಿ ಅಂಗುಲ ಅಂಗುಲವಾಗಿ ತಳ್ಳಿಸಿದರು, ಅವರು ಬಗ್ಗಿ, ರಾಕರ್‌ಗಳನ್ನು ಎತ್ತುವ ಕ್ಯಾಮ್ ನೋಡುತ್ತಿದ್ದರು. ಆಮೇಲೆ ಫಿಲ್ಲರ್ ಗೇಜ್ ತೆಗೆದರು. ಬೇರೆ ಬೇರೆ ದಪ್ಪದ ಸ್ಟೀಲ್ ಎಲೆಗಳು, ಬೀಗದ ಕೈ ಗೊಂಚಲಿನ ಹಾಗೆ. ಉಳಿದ ವಾಲ್ವ್‌ಗಳಲ್ಲಿ ಎಲೆ ಸಣ್ಣ ಬಿಗಿಯಲ್ಲಿ, ಬೆಣ್ಣೆಯಲ್ಲಿ ಎಳೆದ ಹಾಗೆ ಬಂತು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಹತ್ತಿರ 0.05 ಮಿಲಿಮೀಟರಿನ ಎಲೆ ಕೂಡ ಹೋಗಲಿಲ್ಲ. ನನ್ನ ಕೈಗೆ ಕೊಟ್ಟು ನೀವೇ ನೋಡಿ ಅಂದರು. ತುದಿ ಬಾಗಿತೇ ಹೊರತು ಒಳಗೆ ಹೋಗಲಿಲ್ಲ. ನಾಲ್ಕು ತಿಂಗಳ ಕಾಟ ಆ ಇಲ್ಲದ ಸಂದಿಯಲ್ಲಿತ್ತು.

ಕಾರಣ ಸುಲಭ. ರಾಕರ್‌ಗೂ ವಾಲ್ವ್ ತುದಿಗೂ ಮಧ್ಯೆ ಕೂದಲೆಳೆಯಷ್ಟು ಗ್ಯಾಪ್ ಬೇಕು, ಯಾಕೆಂದರೆ ಬಿಸಿಯಾದಾಗ ವಾಲ್ವ್ ಉದ್ದ ಆಗುತ್ತದೆ. ವರ್ಷಗಟ್ಟಲೆ ಬಡಿದು ಬಡಿದು ವಾಲ್ವ್ ತನ್ನ ಸೀಟಿನಲ್ಲಿ ಸ್ವಲ್ಪ ಸ್ವಲ್ಪವೇ ಕೂತುಕೊಳ್ಳುತ್ತಾ ಹೋಗುತ್ತದೆ, ಗ್ಯಾಪ್ ಕಮ್ಮಿಯಾಗುತ್ತಾ ಬರುತ್ತದೆ. ಪೂರ್ತಿ ಹೋದ ಮೇಲೆ, ತಣ್ಣಗಿದ್ದಾಗ ಹೇಗೋ ಮುಚ್ಚಿಕೊಂಡಿರುವ ವಾಲ್ವ್ ಬಿಸಿಯಾದ ತಕ್ಷಣ ಬಾಯಿ ಬಿಡುತ್ತದೆ. ಕಂಪ್ರೆಷನ್ ಸೋರುತ್ತದೆ, ಕಿಡಿ ಎಷ್ಟೇ ಚೆನ್ನಾಗಿದ್ದರೂ ಸರಿಯಾಗಿ ಉರಿಯುವುದಿಲ್ಲ. ಐಡ್ಲಿಂಗ್‌ನಲ್ಲಿ ಸೋರುವುದಕ್ಕೆ ಸಮಯ ಜಾಸ್ತಿ ಸಿಗುತ್ತದೆ, ಅದಕ್ಕೇ ನಿಂತಾಗ ನಡುಕ ಹೆಚ್ಚು. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ಸೀಟಿಗೆ ತಾಗಿದಾಗಲೇ ಬಿಟ್ಟುಕೊಡುವುದು. ತಾಗದಿದ್ದರೆ ಅಂಚು ಸುಟ್ಟು ಹೋಗುತ್ತದೆ, ಆಮೇಲೆ ಹೆಡ್ ಇಳಿಸದೆ ಬೇರೆ ದಾರಿ ಇಲ್ಲ.

‘ಟಿಕ್ ಟಿಕ್ ಅಂತ ಸದ್ದು ಮಾಡೋ ಟ್ಯಾಪೆಟ್‌ಗೆ ಎಲ್ಲಾ ಓಡ್ ಬತ್ತರೆ. ಸದ್ದು ಮಾಡ್ದೆ ಇರೋದೇ ವಾಲ್ವ್ ತಿನ್ನೋದು’ ಅಂದರು. ನಮ್ಮ ಗಾಡಿ ಸದ್ದೇ ಮಾಡುತ್ತಿರಲಿಲ್ಲ, ಅದು ಒಳ್ಳೆಯದು ಅಂತಲೇ ನಾನು ಅಂದುಕೊಂಡಿದ್ದೆ. ಹಿಂದೆ ಅಪ್ಪ ಓಡಿಸುವಾಗ ಪ್ರತಿ ಸರ್ವೀಸಿನಲ್ಲಿ ಟ್ಯಾಪೆಟ್ ನೋಡಿಸುತ್ತಿದ್ದರು. ನನ್ನ ಕೈಗೆ ಬಂದ ಮೇಲೆ ಏಳು ವರ್ಷ ಯಾರೂ ಆ ಕವರ್ ಬಿಚ್ಚಿಲ್ಲ.

ಆರೂ ವಾಲ್ವ್ ಸೆಟ್ ಮಾಡಿದರು. ಕವರ್‌ಗೆ ಹೊಸ ಗ್ಯಾಸ್ಕೆಟ್ ಹಾಕಿದರು. ಸ್ಟಾರ್ಟ್ ಮಾಡಿ ಫ್ಯಾನ್ ತಿರುಗುವವರೆಗೂ ಬಿಸಿ ಮಾಡಿದರು, ಮತ್ತೆ ಪ್ಲಗ್ ತೆಗೆದು ಬಿಸಿಯಲ್ಲೇ ಕಂಪ್ರೆಷನ್ ನೋಡಿದರು. ಮೂರನೆಯದು 130. ಉಳಿದೆರಡರಷ್ಟು ಇಲ್ಲ. ಅದನ್ನು ಮುಚ್ಚಿಡಲಿಲ್ಲ. ವಾಲ್ವ್ ಅಂಚು ಸ್ವಲ್ಪ ತಿಂದಿರಬಹುದು, ಸಾವಿರ ಕಿಲೋಮೀಟರ್ ಆದ ಮೇಲೆ ಬನ್ನಿ, ಮತ್ತೆ ನೋಡೋಣ, ಇಳಿದಿದ್ದರೆ ಹೆಡ್ ಬಿಚ್ಚಬೇಕು, ನಿಂತಿದ್ದರೆ ಹಾಗೇ ಓಡಿಸಿ ಅಂದರು. ಕಾಗದದ ಪರೀಕ್ಷೆ ಮತ್ತೆ ಮಾಡಿದೆವು, ಈ ಸಲ ಟಿಕೆಟ್ ಹಿಡಿದದ್ದು ನಾನು. ಬರೀ ಹೊರಗೆ ಹೊಡೆಯಿತು, ಒಂದೇ ಸಮನೆ.

ಈಗ ಮೂರು ತಿಂಗಳಾಗಿದೆ. ಸಾವಿರ ಕಿಲೋಮೀಟರಿಗೆ ಹೋಗಿದ್ದೆ, 128 ಬಂತು, ಹೆಡ್ ಮುಟ್ಟಲಿಲ್ಲ. ಎಮಿಷನ್‌ನಲ್ಲಿ ಹೈಡ್ರೋಕಾರ್ಬನ್ 2,100 ಇದ್ದದ್ದು 620ಕ್ಕೆ ಇಳಿದಿದೆ. ಮೇಲುಕೋಟೆ ಏರನ್ನು ಸೆಕೆಂಡ್ ಗೇರಿನಲ್ಲೇ ಹತ್ತಿದೆ, ಅಪ್ಪ ಪಕ್ಕದಲ್ಲಿ ಏನೂ ಮಾತಾಡದೆ ಕೂತು ಕೇಳಿಸಿಕೊಳ್ಳುತ್ತಿದ್ದರು.

ಪೆಟ್ರೋಲಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20 ಪರ್ಸೆಂಟ್ ಎಥೆನಾಲ್ ಸೇರಿದ್ದು. ಎಥೆನಾಲ್ ಕಬ್ಬಿನಿಂದಲೂ ಆಗುತ್ತದೆ, ಕಬ್ಬು ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಅದನ್ನು ಬೇಡ ಅನ್ನುವುದು ನನ್ನ ಉದ್ದೇಶವಲ್ಲ. ಆದರೆ ಹಳೇ ಕಾರ್ಬೊರೇಟರ್ ಗಾಡಿಗೆ ಅದರಿಂದ ಎರಡು ತೊಂದರೆ ಇದೆ ಅಂತ ಮೇಸ್ತ್ರಿ ವಿವರಿಸಿದರು. ಹಳೇ ಕಾಲದ ರಬ್ಬರ್ ಪೈಪು, ವಾಷರ್ ಅದನ್ನು ತಡೆಯುವುದಿಲ್ಲ. ಮತ್ತೆ, ಹೊಸ ಗಾಡಿಯಲ್ಲಿ ಕಂಪ್ಯೂಟರ್ ಪೆಟ್ರೋಲ್ ಗಾಳಿ ಹದವನ್ನು ತಾನೇ ಸರಿ ಮಾಡಿಕೊಳ್ಳುತ್ತದೆ, ಕಾರ್ಬೊರೇಟರಿಗೆ ಅದು ಗೊತ್ತಾಗುವುದಿಲ್ಲ, ಹಾಗಾಗಿ ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಆಗುತ್ತದೆ. ಪೆಟ್ರೋಲ್ ಪೈಪ್ ಮುಟ್ಟಿದರೆ ಮೆತ್ತಗೆ ಅಂಟುತ್ತಿತ್ತು, ಬದಲಾಯಿಸಿದರು. ಐಡ್ಲಿಂಗ್ ಮಿಕ್ಸ್ಚರ್ ಸ್ಕ್ರೂ ಒಂದು ಕೂದಲಷ್ಟು ತಿರುಗಿಸಿ ಹದ ಮಾಡಿದರು. ಆದರೆ ಮೂರು ಸಿಲಿಂಡರಿಗೂ ಹೋಗುವುದು ಒಂದೇ ಪೆಟ್ರೋಲು. ಮೂರನೆಯದು ಮಾತ್ರ ಕೆಟ್ಟರೆ ಅದಕ್ಕೆ ಪೆಟ್ರೋಲನ್ನು ಬೈದು ಏನು ಪ್ರಯೋಜನ ಅಂದರು. ಈ ಒಂದು ಮಾತು ಮೊದಲೇ ಯಾರಾದರೂ ಹೇಳಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಖರ್ಚು. ಹುಡುಕಿದ್ದಕ್ಕೆ 400, ಟ್ಯಾಪೆಟ್ ಸೆಟ್ಟಿಂಗ್ 600, ಗ್ಯಾಸ್ಕೆಟ್ 180, ಪೆಟ್ರೋಲ್ ಪೈಪ್ 130, ವ್ಯಾಕ್ಯೂಮ್ ಹೋಸ್ 90. ಒಟ್ಟು 1,400 ರೂಪಾಯಿ. ಸಾವಿರ ಕಿಲೋಮೀಟರ್ ಆದ ಮೇಲೆ ನೋಡಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ‘ಹುಡುಕಿದ್ದಕ್ಕೆ 400’ ಅಂತ ಬೇರೆಯಾಗಿ ಬರೆದದ್ದನ್ನು ನೋಡಿ ಕೆಲವರು ಜಗಳ ಆಡುತ್ತಾರಂತೆ, ಏನೂ ಸಾಮಾನು ಹಾಕದೆ ಯಾಕೆ ದುಡ್ಡು ಅಂತ. ನನಗಂತೂ ಇಡೀ ಬಿಲ್ಲಿನಲ್ಲಿ ಸಂತೋಷದಿಂದ ಕೊಟ್ಟದ್ದು ಆ 400.

ಕೊರತೆಗಳೂ ಇವೆ. ಬಿಲ್ ಅಂದರೆ ಚೀಟಿಯಲ್ಲಿ ಪೆನ್ನಿನಲ್ಲಿ ಬರೆದದ್ದು ಅಷ್ಟೇ. ಕೂರಲು ಜಾಗ ಇಲ್ಲ, ಹೊಂಗೆ ಮರದ ಕೆಳಗೆ ಒಂದು ಹಳೇ ಟೈರ್ ಇದೆ. ಹೆಣ್ಣುಮಕ್ಕಳು ತುಂಬಾ ಹೊತ್ತು ಕಾಯಬೇಕಾದರೆ ಕಷ್ಟ, ಶೌಚಾಲಯದ ವ್ಯವಸ್ಥೆ ಇಲ್ಲ. ಫೋನ್ ಎತ್ತುವುದು ಅಪರೂಪ. ಕೆಲಸ ನಿಧಾನ, ಎರಡು ದಿನ ಗಾಡಿ ಇಲ್ಲದೆ ಇರಬೇಕಾಯಿತು. ಅರ್ಜೆಂಟ್ ಇರುವವರಿಗೆ ಆ ಜಾಗ ಆಗುವುದಿಲ್ಲ.

ಹೊಸ ಗಾಡಿಯವರು ಅಲ್ಲಿಗೆ ಹೋಗಬೇಡಿ. ಅವರೇ ಕಳಿಸಿಬಿಡುತ್ತಾರೆ. ನಾನು ಇರುವಾಗಲೇ ಒಬ್ಬರು ಚೆಕ್ ಎಂಜಿನ್ ಲೈಟ್ ಮಿನುಗುತ್ತಿದೆ ಅಂತ ಈಗಿನ ಕಾರು ತಂದರು. ಲೈಟ್ ಮಿನುಗುತ್ತಿದ್ದರೆ ಓಡಿಸಬೇಡಿ, ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ, ಟೋ ಮಾಡಿಸಿಕೊಂಡು ಸ್ಕ್ಯಾನರ್ ಇರುವ ಕಡೆ ಹೋಗಿ ಅಂದರು. ಅಂಥ ಗಾಡಿಯಲ್ಲಿ ನಮ್ಮ ಹಾಗೆ ಎಂಜಿನ್ ಓಡುವಾಗ ಪ್ಲಗ್ ಕ್ಯಾಪ್ ಎಳೆದು ನೋಡಲೂ ಬಾರದಂತೆ. ಸ್ಕ್ಯಾನರಿನಲ್ಲಿ ಪಿ0301 ಅಂತ ಕೋಡ್ ಬಂದರೆ ಮಿಸ್ಸಿಂಗ್ ಹೊಡೆಯುತ್ತಿರುವುದು ಒಂದನೇ ಸಿಲಿಂಡರ್, ಪಿ0303 ಬಂದರೆ ಮೂರನೆಯದು. ಯಾವುದು ಅಂತ ಅದು ಹೇಳುತ್ತದೆ, ಯಾಕೆ ಅಂತ ಮತ್ತೆ ಹುಡುಕಲೇಬೇಕು.

ಹೋಗುವವರಿಗೆ: ಭಾನುವಾರ ಬಾಗಿಲು ಹಾಕಿರುತ್ತದೆ. ಗುತ್ತಲು ರಸ್ತೆಯಲ್ಲಿ ಹಳೇ ಮಾರುತಿ ನೋಡುವ ಮೇಸ್ತ್ರಿ ಎಲ್ಲಿ ಅಂತ ಕೇಳಿದರೆ ತೋರಿಸುತ್ತಾರೆ. ನಿಮ್ಮದೂ ಬಿಸಿಯಾದ ಮೇಲೆ ಬರುವ ಮಿಸ್ಸಿಂಗ್ ಆದರೆ ಸಂಜೆ ನಾಲ್ಕರ ಹೊತ್ತಿಗೆ, ಗಾಡಿಯನ್ನು ಚೆನ್ನಾಗಿ ಓಡಿಸಿಕೊಂಡೇ ಹೋಗಿ. ರಾತ್ರಿ ಅಲ್ಲೇ ಬಿಡಬೇಕಾಗುತ್ತದೆ. ಹಿಂದೆ ಬದಲಾಯಿಸಿದ ಹಳೇ ಪ್ಲಗ್, ವೈರ್, ಕ್ಯಾಪ್ ಇದ್ದರೆ ಅವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಅವರು ನೋಡಲು ಕೇಳುತ್ತಾರೆ.